ತಂಗಿಯ ಓವರಿ ತಿರುಚಿತ್ತು, ಈಗ ದ್ರಾಕ್ಷಿ ಬೀಜದ ಮಾತ್ರೆ ಕೊಡಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು ತಿಕೋಟಾ ಹತ್ತಿರ. ತಂಗಿಗೆ 19 ವರ್ಷ. ಹತ್ತು ದಿನದ ಹಿಂದೆ ಒಣದ್ರಾಕ್ಷಿ ಶೆಡ್‌ನಲ್ಲಿದ್ದವಳು ಬಲಗಡೆ ಕಿಬ್ಬೊಟ್ಟೆ ಹಿಡಿದುಕೊಂಡು ಕುಸಿದು ಕೂತಳು. ವಾಂತಿ ನಿಲ್ಲಲೇ ಇಲ್ಲ. ಪಿತ್ತ ಇರಬೇಕು ಅಂತ ಅವ್ವ ಲಿಂಬು ಶರಬತ್ತು ಕೊಟ್ಟಳು, ಅದರಲ್ಲೇ ಅರ್ಧ ದಿನ ಹೋಯ್ತು. ವಿಜಯಪುರದಲ್ಲಿ ಸೋನೋಗ್ರಫಿ ಮಾಡಿಸಿದಾಗ, ಗಡ್ಡೆಯ ಭಾರಕ್ಕೆ ಓವರಿ ತಿರುಚಿಕೊಂಡಿದೆ ಅಂದರು. ದುರ್ಬೀನ್ ಆಪರೇಷನ್ ಮಾಡಿ ತಿರುಚು ಬಿಡಿಸಿದರು, ಗಡ್ಡೆ ತೆಗೆದು ಓವರಿ ಉಳಿಸಿದರು. ಫೋಟೋದಲ್ಲಿ ಅದು ನೇರಳೆ ಹಣ್ಣಿನ ಬಣ್ಣ ಇತ್ತು. ರಕ್ತ ವಾಪಸ್ ಬಂದಾಗಲೂ ಪೆಟ್ಟಾಗುತ್ತದಂತೆ ಅಂತ ನಮ್ಮತ್ತೆ ದ್ರಾಕ್ಷಿ ಬೀಜದ ಮಾತ್ರೆ, ಅರಿಶಿನದ ಕ್ಯಾಪ್ಸೂಲ್ ತಂದಿಟ್ಟಿದ್ದಾರೆ. ಕೊಡಲಾ?

ಉತ್ತರ: ಬೇಡಮ್ಮ. ಆದರೆ ನಿಮ್ಮತ್ತೆ ಹೇಳಿದ್ದರಲ್ಲಿ ಅರ್ಧ ನಿಜ ಇದೆ.

ಒಲೆಯಲ್ಲಿ ಗಾಳಿ ಸಿಗದೆ ಹೊಗೆಯಾಡುವ ಕಟ್ಟಿಗೆಗೆ ಊದುಗೊಳವಿಯಿಂದ ಊದಿದರೆ ಭಗ್ ಅಂತ ಹೊತ್ತಿಕೊಳ್ಳುತ್ತದೆ ಅಲ್ವಾ, ಇಲ್ಲೂ ಹಾಗೇ. ರಕ್ತ ನಿಂತಾಗ ಜೀವಕೋಶದ ಶಕ್ತಿ ಖಾಲಿಯಾಗಿ ಹೈಪೋಕ್ಸಾಂಥಿನ್ ಅನ್ನೋ ರಾಸಾಯನಿಕ ಕೂಡಿಕೊಳ್ಳುತ್ತದೆ. ತಿರುಚು ಬಿಡಿಸಿದ ಕೂಡಲೇ ಆಮ್ಲಜನಕ ನುಗ್ಗುತ್ತದೆ, ಎರಡೂ ಸೇರಿ, ಸಿಕ್ಕಿದ್ದನ್ನೆಲ್ಲ ಕೆಡಿಸುವ ಪುಂಡ ಕಣಗಳಾದ ಫ್ರೀ ರ‍್ಯಾಡಿಕಲ್‌ಗಳು ಹುಟ್ಟಿ ಜೀವಕೋಶದ ಪೊರೆಯನ್ನೇ ಸುಡುತ್ತವೆ. ಹಿಂದೆಯೇ ಬಿಳಿ ರಕ್ತಕಣಗಳು ಬಂದು ಊತ ಜಾಸ್ತಿ ಮಾಡುತ್ತವೆ.

ಅರಿಶಿನದ ಕರ್ಕ್ಯುಮಿನ್, ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್, ಈರುಳ್ಳಿಯ ಕ್ವೆರ್ಸಿಟಿನ್ ಇವೆಲ್ಲ ಈ ಹಾನಿಯನ್ನು ತಡೆಯುತ್ತವಾ ಅಂತ ಇಲಿಗಳ ಮೇಲೆ ಪರೀಕ್ಷಿಸಿದ್ದಾರೆ. ಓವರಿಯನ್ನು ಕೆಲವು ಗಂಟೆ ತಿರುಚಿಟ್ಟು, ಬಿಡಿಸುವ ಸ್ವಲ್ಪ ಮೊದಲು ಸಾಮಾನ್ಯವಾಗಿ ಹೊಟ್ಟೆಗೆ ಸೂಜಿಯಲ್ಲಿ ಕೊಡುತ್ತಾರೆ. ಅನೇಕ ಕಡೆ ಹಾನಿ ಕಡಿಮೆ ಕಂಡಿದೆ. ನನಗೂ ಅದರ ಬಗ್ಗೆ ಆಸೆ ಇದೆ. ಆದರೆ ಗಮನಿಸಿ, ಔಷಧಿ ರಕ್ತ ಬರೋ ಮೊದಲೇ ಅಲ್ಲಿರಬೇಕು. ನಿಮ್ಮ ತಂಗಿಗೆ ಆ ಹೊತ್ತು ಹತ್ತು ದಿನದ ಹಿಂದೆಯೇ ದಾಟಿತು.

ಜೊತೆಗೆ ಕರ್ಕ್ಯುಮಿನ್ ಬಾಯಿಂದ ತಗೊಂಡರೆ ರಕ್ತಕ್ಕೆ ಸೇರುವುದು ತೀರಾ ಕಮ್ಮಿ. ಅದಕ್ಕೇ ಕ್ಯಾಪ್ಸೂಲ್‌ಗಳಲ್ಲಿ ಕಾಳುಮೆಣಸಿನ ಸತ್ವ ಬೆರೆಸುತ್ತಾರೆ, ಅಂಥವನ್ನು ತಿಂದು ಲಿವರ್‌ಗೆ ಪೆಟ್ಟಾದವರೂ ಇದ್ದಾರೆ.

ಪ್ರಶ್ನೆ: ಹಾಗಾದ್ರೆ ಊಟದಲ್ಲಿ ಅರಿಶಿನ, ಒಣದ್ರಾಕ್ಷಿ? ಅಷ್ಟು ಕಪ್ಪಾಗಿದ್ದ ಓವರಿ ಕೆಲಸ ಮಾಡುತ್ತದಾ?

ಉತ್ತರ: ಅಡುಗೆಯ ಅರಿಶಿನಕ್ಕೆ ಅಡ್ಡಿಯಿಲ್ಲ, ಅದರಲ್ಲಿ ಕರ್ಕ್ಯುಮಿನ್ ಸುಮಾರು 3% ಅಷ್ಟೇ. ರೊಟ್ಟಿ, ಪುಂಡಿ ಪಲ್ಯ, ಒಣದ್ರಾಕ್ಷಿ, ದಾಳಿಂಬೆ ಹೊಟ್ಟೆ ತುಂಬ ತಿನ್ನಲಿ. ಓವರಿಗೆ ಔಷಧಿ ಅಂತ ಅಲ್ಲ, ಆಪರೇಷನ್ ಆದ ಹುಡುಗಿ ಸುಧಾರಿಸಿಕೊಳ್ಳಬೇಕಲ್ಲ.

ಬಣ್ಣ ನೋಡಿ ಹೆದರಬೇಡಿ. ತಿರುಚಿದಾಗ ಮೊದಲು ಮುಚ್ಚುವುದು ತೆಳು ಗೋಡೆಯ ಮಲಿನ ರಕ್ತನಾಳ. ಶುದ್ಧ ರಕ್ತ ಒಳಗೆ ಬರುತ್ತಿರುತ್ತದೆ, ಹೊರಗೆ ಹೋಗಲ್ಲ, ಅದಕ್ಕೇ ಊದಿ ಕಪ್ಪಾಗುತ್ತದೆ. ಹಾಗೆ ಕಂಡ ಓವರಿಗಳಲ್ಲಿ ಹೆಚ್ಚಿನವು ಮತ್ತೆ ಚೇತರಿಸಿಕೊಳ್ಳುತ್ತವೆ. ಕಪ್ಪಾಗಿದೆ ಅಂತ ಕತ್ತರಿಸದೆ ಉಳಿಸಿದ್ದಾರಲ್ಲ, ತುಂಬಾ ಒಳ್ಳೇದಾಯ್ತು.

ಪ್ರಶ್ನೆ: ತಡ ಮಾಡಿದೆ ಅಂತ ಅವ್ವ ದಿನಾ ಅಳ್ತಾಳೆ.

ಉತ್ತರ: ಅಳಬೇಡಿ ಅನ್ನಿ. ಈ ನೋವನ್ನು ಅಪೆಂಡಿಕ್ಸ್ ಅಂತ ನಾವು ಡಾಕ್ಟರ್‌ಗಳೇ ಎಷ್ಟೋ ಸಲ ಅಂದುಕೊಳ್ಳುತ್ತೇವೆ. ಎರಡು ಮೂರು ತಿಂಗಳಿಗೆ ಸೋನೋಗ್ರಫಿ ಮಾಡಿಸಿ, ಅಂಡಾಣುವಿನ ಸಣ್ಣ ಚೀಲಗಳು ಕಾಣುತ್ತವಾ ಕೇಳಿ. ಗಡ್ಡೆಯ ಬಯಾಪ್ಸಿ ವರದಿ ಬಂತಾ? ಬಂದಿದ್ದರೆ ಇಲ್ಲಿ ಹಾಕಬೇಡಿ, ನನಗೆ ಬೇರೆಯಾಗಿ ಕಳಿಸಿ.