ಅಮೆರಿಕದ ಅಂತರ್ಯುದ್ಧ: ಸುಂಕದ ಜಗಳವೋ, ಗುಲಾಮಗಿರಿಯೋ?

ಜಯನಗರ_ಓದುಗ:
ಬಸವನಗುಡಿಯ ನಮ್ಮ ಓದುಬಳಗದಲ್ಲಿ ಈ ಭಾನುವಾರ ಇದೇ ಚರ್ಚೆ. ಕಾರ್ಖಾನೆಗಳಿದ್ದ ಉತ್ತರಕ್ಕೆ ಆಮದು ಸುಂಕ ಬೇಕಿತ್ತು, ಹತ್ತಿ ಮಾರುವ ದಕ್ಷಿಣಕ್ಕೆ ಬೇಡವಾಗಿತ್ತು, ದೇಶ ಒಡೆದದ್ದು ಅದಕ್ಕೇ, ಗುಲಾಮಗಿರಿ ಬರೀ ನೆಪ ಅನ್ನುವವರಿದ್ದಾರೆ. ಇದನ್ನು ದಿನಾಂಕ, ಅಂಕಿಅಂಶ ಇಟ್ಟುಕೊಂಡು ಪರೀಕ್ಷಿಸುವುದು ಹೇಗೆ? ಬಡವ-ಬಲ್ಲಿದ ಪ್ರಾಂತ್ಯಗಳು ಎಲ್ಲ ದೇಶದಲ್ಲೂ ಇವೆ. ಎಲ್ಲವೂ ಒಡೆಯುವುದಿಲ್ಲವಲ್ಲ?

ಹತ್ತಿಬೀಜ:
ಮೊದಲು ಸುಂಕದ ದಿನಾಂಕಗಳನ್ನು ಸಾಲಾಗಿ ಬರೆದುಕೊಳ್ಳಿ. ಆ ವಾದ ಅಲ್ಲೇ ಮುಗ್ಗರಿಸುತ್ತದೆ. 1828ರಲ್ಲಿ ಸುಂಕ ವಿಪರೀತ ಏರಿತು. 1832ರಲ್ಲಿ ಸೌತ್ ಕರೊಲಿನಾ 'ಈ ಕಾಯ್ದೆ ನಮ್ಮಲ್ಲಿ ನಡೆಯುವುದಿಲ್ಲ' ಎಂದು ಘೋಷಿಸಿತು. ಬೇರೆ ಒಂದು ರಾಜ್ಯವೂ ಜೊತೆ ನಿಲ್ಲಲಿಲ್ಲ, 1833ರಲ್ಲಿ ರಾಜಿಯಾಯಿತು. ಆಮೇಲೆ 1846ರಲ್ಲಿ, ಮತ್ತೆ 1857ರಲ್ಲಿ ಸುಂಕ ಇಳಿಯಿತು. ಏರಿಸಿದ ಮಾರಿಲ್ ಕಾಯ್ದೆಗೆ ಸಹಿ ಬಿದ್ದದ್ದು 1861ರ ಮಾರ್ಚ್ 2ರಂದು. ಅಷ್ಟರಲ್ಲಿ ದಕ್ಷಿಣದ ಏಳು ರಾಜ್ಯಗಳು ಒಕ್ಕೂಟ ಬಿಟ್ಟು ಹೊರಟುಹೋಗಿದ್ದವು: ಸೌತ್ ಕರೊಲಿನಾ 1860ರ ಡಿಸೆಂಬರ್ 20ಕ್ಕೆ, ಏಳನೆಯದಾದ ಟೆಕ್ಸಸ್ ಫೆಬ್ರವರಿ 1ಕ್ಕೆ. ಆ ಸೆನೆಟರುಗಳು ಎದ್ದುಹೋದದ್ದರಿಂದಲೇ ಮಸೂದೆ ಸಲೀಸಾಗಿ ಪಾಸಾಯಿತು.

ಹಾಗಂತ ಆರ್ಥಿಕ ಕಾರಣವೇ ಇಲ್ಲ ಎಂದಲ್ಲ. 'ಗುಲಾಮಗಿರಿಯೋ, ಆರ್ಥಿಕತೆಯೋ' ಎಂಬ ಪ್ರಶ್ನೆಯೇ ತಪ್ಪು. ದಕ್ಷಿಣದ ಆರ್ಥಿಕತೆ ಅಂದರೇ ಗುಲಾಮಗಿರಿ. 1860ರ ಜನಗಣತಿಯಲ್ಲಿ ಸುಮಾರು 40 ಲಕ್ಷ ಜನ ಗುಲಾಮರು. ಮಾರುಕಟ್ಟೆ ದರದಲ್ಲಿ ಅವರಿಗೆ ಕಟ್ಟಿದ್ದ ಬೆಲೆ ಸುಮಾರು 300 ಕೋಟಿ ಡಾಲರ್, ದೇಶದ ರೈಲು ಮತ್ತು ಕಾರ್ಖಾನೆಗಳಲ್ಲಿ ಹೂಡಿದ್ದ ಒಟ್ಟು ಬಂಡವಾಳಕ್ಕಿಂತ ಹೆಚ್ಚು. ನಾವು ಹೊಲ ಅಡವಿಟ್ಟು ಸಾಲ ಎತ್ತುವ ಹಾಗೆ ಅವರು ಮನುಷ್ಯರನ್ನು ಅಡವಿಟ್ಟು ಸಾಲ ಎತ್ತುತ್ತಿದ್ದರು. ವರ್ಜೀನಿಯಾದಂಥ ಹಳೆಯ ರಾಜ್ಯಗಳು ಪಶ್ಚಿಮದ ಹೊಸ ಹತ್ತಿ ನೆಲಕ್ಕೆ ಜನರನ್ನು ಮಾರಿ ಹಣ ಮಾಡುತ್ತಿದ್ದವು. ಲಿಂಕನ್ ಪಕ್ಷ ಕೇಳಿದ್ದು ಹೊಸ ಪ್ರದೇಶಗಳಿಗೆ ಗುಲಾಮಗಿರಿ ಹಬ್ಬಬಾರದು ಎಂದಷ್ಟೇ. ಆದರೆ ಹೊಸ ನೆಲ ಮುಚ್ಚಿದರೆ ಗಿರಾಕಿ ಕಡಿಮೆ, ಬೆಲೆ ಕುಸಿತ, ಕೊಟ್ಟ ಸಾಲಕ್ಕೆ ಆಧಾರವಿಲ್ಲ. ಸುಂಕವಾದರೆ ಶೇಕಡಾ ಇಷ್ಟು ಅಂತ ಚೌಕಾಸಿ ಮಾಡಬಹುದು. ಇದರಲ್ಲಿ ಅರ್ಧಕ್ಕೆ ಒಪ್ಪುವ ದಾರಿಯೇ ಇರಲಿಲ್ಲ. ಒಕ್ಕೂಟ ಬಿಡಲು ಕಾರಣ ಹೇಳಿ ಮಿಸಿಸಿಪಿ ರಾಜ್ಯ ಹೊರಡಿಸಿದ ಘೋಷಣೆ ಓದಿ. ಎರಡನೇ ವಾಕ್ಯದಲ್ಲೇ ತಮ್ಮ ನಿಲುವು ಗುಲಾಮಗಿರಿಯೊಂದಿಗೆ ಪೂರ್ತಿ ಬೆಸೆದುಕೊಂಡಿದೆ ಎನ್ನುತ್ತದೆ. ನೆಪ ಎನ್ನುವವರಿಗೆ ಅದನ್ನೇ ಓದಿ ಹೇಳಿ.

ಹಳಿ_ಕಾಲುವೆ:
ಮೇಲಿನದಕ್ಕೆ ಸೇರಿಸಬೇಕಾದದ್ದು ಸರಕಿನ ದಾರಿ. ಮೊದಲು ಒಹಾಯೊ, ಇಂಡಿಯಾನಾ ಕಡೆಯ ಧಾನ್ಯ, ಹಂದಿಮಾಂಸ ಎಲ್ಲ ಮಿಸಿಸಿಪಿ ನದಿಯಲ್ಲಿ ತೇಲಿ ನ್ಯೂ ಆರ್ಲಿಯನ್ಸ್‌ಗೆ ಇಳಿಯುತ್ತಿತ್ತು. ಅಲ್ಲಿನ ರೈತನಿಗೆ ದಕ್ಷಿಣದ ಬಂದರೇ ಗತಿ. 1825ರಲ್ಲಿ ಈರಿ ಕಾಲುವೆ ತೆರೆಯಿತು, 1850ರ ದಶಕದಲ್ಲಿ ಶಿಕಾಗೊಗೆ ಪೂರ್ವದಿಂದ ರೈಲು ಬಂತು. ಸರಕು ನ್ಯೂಯಾರ್ಕ್ ಕಡೆ ತಿರುಗಿತು. 1860ಕ್ಕೆ ಇದ್ದ ಸುಮಾರು 30,000 ಮೈಲಿ ಹಳಿಯಲ್ಲಿ ದಕ್ಷಿಣದ್ದು 9,000 ಮಾತ್ರ. ಅದರಲ್ಲೂ ಬಹುಪಾಲು 5 ಅಡಿ ಅಗಲದ್ದು, ಉತ್ತರದ್ದು ಹೆಚ್ಚಾಗಿ 4 ಅಡಿ ಎಂಟೂವರೆ ಇಂಚು. ಎರಡೂ ಕೂಡುವಲ್ಲಿ ಬೋಗಿ ದಾಟದು, ಮೂಟೆ ಇಳಿಸಿ ಮತ್ತೆ ಹೇರಬೇಕು. ಹಾಗೆ ನಡುಪಶ್ಚಿಮದವರಿಗೆ ದಕ್ಷಿಣದ ಹಂಗು ಕಡಿಮೆಯಾಯಿತು.

ಜೊತೆಗೆ ಸೆನೆಟ್ ಲೆಕ್ಕ, ಅಲ್ಲಿ ಪ್ರತಿ ರಾಜ್ಯಕ್ಕೂ ಎರಡೇ ಸ್ಥಾನ. 1850ರಲ್ಲಿ ಕ್ಯಾಲಿಫೋರ್ನಿಯಾ ಸೇರಿದಾಗ ಗುಲಾಮಗಿರಿ ಇಲ್ಲದ ರಾಜ್ಯ 16, ಇರುವವು 15. 1859ಕ್ಕೆ 18–15. ಮರುವರ್ಷ ದಕ್ಷಿಣದ ಹತ್ತು ರಾಜ್ಯಗಳ ಮತಪತ್ರದಲ್ಲಿ ಹೆಸರೇ ಇಲ್ಲದ ಲಿಂಕನ್ 303ರಲ್ಲಿ 180 ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ರಾಜ್ಯವಾರು ಹಂಚಿದ ಮತ) ಪಡೆದು ಅಧ್ಯಕ್ಷರಾಗಿ ಗೆದ್ದರು. ನಮ್ಮ ವೋಟಿಲ್ಲದೆಯೂ ದೆಹಲಿ ನಡೆಯುತ್ತದೆ ಅಂತ ಒಂದು ಪ್ರಾಂತ್ಯಕ್ಕೆ ಖಾತ್ರಿಯಾದರೆ ಹೇಗಿರುತ್ತದೆ, ಹಾಗೆ.

ಜಯನಗರ_ಓದುಗ:
ಇಬ್ಬರಿಗೂ ಧನ್ಯವಾದ. ದೆಹಲಿ ಅಂದಿರಲ್ಲ, ಬಳಗದಲ್ಲಿ ಖಂಡಿತ ನಮ್ಮ ತೆರಿಗೆ ಪಾಲಿನ ಮಾತು ಬರುತ್ತದೆ. ಹೋಲಿಸಬಹುದೇ?

ಹಳಿ_ಕಾಲುವೆ:
ಹುಷಾರಾಗಿ ಹೋಲಿಸಿ. ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಕೊಟ್ಟದ್ದು ಶೇ. 4.713, 15ನೆಯದು ಶೇ. 3.647. ಅದರ ಸೂತ್ರದಲ್ಲಿ ತಲಾ ಆದಾಯದ ಅಂತರಕ್ಕೇ ಶೇ. 45 ತೂಕ, ಅಂದರೆ ಬಡ ರಾಜ್ಯಕ್ಕೆ ಹೆಚ್ಚು ಪಾಲು. ನಷ್ಟ ನಿಜ, ಸಿಟ್ಟೂ ನ್ಯಾಯವೇ. ಆದರೆ ಇದು ಚೌಕಾಸಿ ಮಾಡಬಹುದಾದ ಜಗಳ: ಐದು ವರ್ಷಕ್ಕೊಮ್ಮೆ ಹೊಸ ಆಯೋಗ, ಹೊಸ ಸೂತ್ರ. ಬಿಹಾರ, ಒಡಿಶಾದವರು ಇಲ್ಲಿ ಕಟ್ಟಡ ಕೆಲಸ ಮಾಡಿ ಊರಿಗೆ ಹಣ ಕಳಿಸುತ್ತಾರೆ. ಗಂಟು ಎರಡೂ ಕಡೆ ಬಿಗಿದಿದೆ. ಇನ್ನೊಂದು, ರಾಜ್ಯದ ಒಳಗೇ ನಂಜುಂಡಪ್ಪ ಸಮಿತಿ 2002ರಲ್ಲಿ 175ರಲ್ಲಿ 114 ತಾಲ್ಲೂಕು ಹಿಂದುಳಿದವು ಎಂದಿತ್ತು. ಕಲಬುರಗಿಯವರು ಬೆಂಗಳೂರನ್ನು ಕೇಳುವುದೂ ಇದೇ ಪ್ರಶ್ನೆಯನ್ನೇ.

ಪೂರ್ವ ಪಾಕಿಸ್ತಾನವನ್ನು (ಇಂದಿನ ಬಾಂಗ್ಲಾದೇಶ) ಹೋಲಿಸಿದರೆ ಹೆಚ್ಚು ಪ್ರಯೋಜನ. ಸೆಣಬು ಮಾರಿ ಬಂದ ವಿದೇಶಿ ಹಣ ಪಶ್ಚಿಮದಲ್ಲಿ ಖರ್ಚಾಗುತ್ತಿದೆ ಎಂಬುದು ಅವರ ದೂರು. ಅಲ್ಲಿನ ಅವಾಮಿ ಲೀಗ್ ಪಕ್ಷದವರು 1966ರ ಆರು ಅಂಶಗಳ ಬೇಡಿಕೆಯಲ್ಲಿ ಬೇರೆ ನಾಣ್ಯ ಅಥವಾ ಹಣ ಹರಿದುಹೋಗದಂತೆ ತಡೆ, ಬೇರೆ ವಿದೇಶಿ ವಿನಿಮಯ ಲೆಕ್ಕ ಕೇಳಿದರು. 1970ರ ಚುನಾವಣೆಯಲ್ಲಿ ಅವಾಮಿ ಲೀಗ್ ಪೂರ್ವದ 162 ಸಾಮಾನ್ಯ ಸ್ಥಾನಗಳಲ್ಲಿ 160 ಗೆದ್ದಿತು, ಪಶ್ಚಿಮದಲ್ಲಿ ಒಂದೂ ಇಲ್ಲ. ಗೆದ್ದವರಿಗೆ ಅಧಿಕಾರ ಬಿಟ್ಟುಕೊಡದೆ 1971ರ ಮಾರ್ಚ್‌ನಲ್ಲಿ ಸೈನ್ಯ ನುಗ್ಗಿಸಿದರು.

ಹತ್ತಿಬೀಜ:
ಭಾನುವಾರಕ್ಕೆ ಒಂದು ನಕ್ಷೆ ಪ್ರಿಂಟ್ ತೆಗೆಸಿ, ದೊಡ್ಡದಾಗಿ. ಅಮೆರಿಕದ ಕರಾವಳಿ ಸಮೀಕ್ಷಾ ಇಲಾಖೆ 1861ರಲ್ಲಿ ಹೊರತಂದದ್ದು, ಲಿಂಕನ್ ಆಗಾಗ ನೋಡುತ್ತಿದ್ದದ್ದು. ಒಂದೊಂದು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಮೇಲೂ ಗುಲಾಮರ ಶೇಕಡಾವಾರು ಅಚ್ಚಾಗಿದೆ, ಪ್ರಮಾಣ ಹೆಚ್ಚಿದಷ್ಟೂ ಕಪ್ಪು. ಮಿಸಿಸಿಪಿ ನದಿಯ ದಂಡೆ ಮಸಿ ಬಳಿದಂತಿದೆ. ವರ್ಜೀನಿಯಾದ ವಾಯವ್ಯ ಮೂಲೆ, ಟೆನೆಸಿಯ ಪೂರ್ವದ ಗುಡ್ಡಗಾಡು ಹೆಚ್ಚುಕಡಿಮೆ ಬಿಳಿ. ಈಗ 1861ರ ಜೂನ್ 8ರ ಟೆನೆಸಿ ಮತದಾನದ ಫಲಿತಾಂಶ ಪಕ್ಕಕ್ಕಿಡಿ: ಪೂರ್ವ ಟೆನೆಸಿ ಒಕ್ಕೂಟ ಬಿಡಬಾರದು ಎಂದಿತು. ವರ್ಜೀನಿಯಾದ ಆ ಮೂಲೆ 1863ರಲ್ಲಿ ವೆಸ್ಟ್ ವರ್ಜೀನಿಯಾ ಎಂಬ ಬೇರೆ ರಾಜ್ಯವಾಗಿ ಒಕ್ಕೂಟಕ್ಕೆ ಮರಳಿತು. ಇಡೀ ದಕ್ಷಿಣಕ್ಕೆ ಅನ್ವಯಿಸುತ್ತಿದ್ದ ಸುಂಕ ಎಲ್ಲರಿಗೂ ಒಂದೇ ಆಗಿತ್ತು. ಒಡೆದದ್ದು ಮಾತ್ರ ನಕ್ಷೆಯ ಕಪ್ಪು-ಬಿಳುಪಿನ ಗೆರೆಯ ಹತ್ತಿರ.