ಬೆಂಗಳೂರಿಂದ ಶ್ರೀನಗರಕ್ಕೆ ಕಾರಲ್ಲಿ, ಓಡಿಸೋಳು ನಾನೊಬ್ಬಳೇ. ಆಗುತ್ತಾ?

ಎಂಟನೇ ಕ್ರಾಸ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಬೈಕೊಳ್ಳಬೇಡಿ.

ನನಗೆ 47, ನಮ್ಮನೆಯವರಿಗೆ 52. ಮಗಳು ಈ ವರ್ಷ ಹಾಸ್ಟೆಲ್ ಸೇರಿದಳು, ಮನೆಯಲ್ಲಿ ಕುಕ್ಕರ್ ಕೂಗಿದರೂ ಕೇಳಿಸಿಕೊಳ್ಳುವಷ್ಟು ಜನ ಇಲ್ಲ. ಮದುವೆಯಾಗಿ 24 ವರ್ಷ. ನಾವಿಬ್ಬರೇ ಹೋದ ಪ್ರವಾಸ ಅಂದರೆ ಹೊಸದರಲ್ಲಿ ಮಡಿಕೇರಿಗೆ ಹೋಗಿದ್ದೊಂದೇ, ಅದೂ ಮೂರು ದಿನ ಬಿಡದೆ ಮಳೆ. ಈ ಸಲ ಅಕ್ಟೋಬರ್‌ನಲ್ಲಿ ಇಬ್ಬರಿಗೂ 26 ದಿನ ರಜೆ ಹೊಂದಿಸಿದ್ದೇವೆ.

ನಾನು ಆಫೀಸಿಗೆ ದಿನಾ ಹೆಬ್ಬಾಳದ ಮೇಲೆ ಯಲಹಂಕಕ್ಕೆ ಹೋಗುತ್ತೇನೆ. ನಾನು ದಿನಾ ಬೆಳಗ್ಗೆ ಸಿಕ್ಕಿಹಾಕಿಕೊಳ್ಳುವ ಆ ರಸ್ತೆಯೇ ಶ್ರೀನಗರದವರೆಗೂ ಹೋಗುತ್ತದೆ ಅಂತ ಗೊತ್ತಾದ ದಿನದಿಂದ ತಲೆಯೊಳಗೆ ಹುಳ ಬಿಟ್ಟ ಹಾಗಾಗಿದೆ. ಒಂದೇ ನಂಬರ್, ರಾಷ್ಟ್ರೀಯ ಹೆದ್ದಾರಿ 44. ಸುಮ್ನೆ ನೇರ ಹೋಗುತ್ತಿದ್ದರಾಯಿತು!

ತೊಂದರೆ ಏನಪ್ಪಾ ಅಂದರೆ, ನಮ್ಮನೆಯವರಿಗೆ ಕಾರು ಓಡಿಸಲು ಬರುವುದಿಲ್ಲ. ಸೈಕಲ್ ಬಿಟ್ಟರೆ ಬಸ್ಸು, ಈಗ ಮೆಟ್ರೋ. ಕಲಿಯುವ ಆಸೆಯೂ ಇಲ್ಲ, ನನಗೂ ಕಲಿಸುವ ತಾಳ್ಮೆ ಇಲ್ಲ. ಮೇಲಾಗಿ ಕಾರು ಹತ್ತಿದರೆ ಯಲಹಂಕ ದಾಟುವುದರೊಳಗೆ ಗೊರಕೆ. ಊರು ಕುಂದಾಪುರ, ವರ್ಷಕ್ಕೆ ಮೂರ್ನಾಲ್ಕು ಸಲ ಶಿರಾಡಿ ಘಾಟಿಯಲ್ಲಿ ನಾನೇ ಓಡಿಸಿಕೊಂಡು ಹೋಗುತ್ತೇನೆ, ಅದು ಅಭ್ಯಾಸ ಇದೆ. ಆದರೆ ಇದು ಒಂದು ಕಡೆಗೇ ಸುಮಾರು 3,000 ಕಿ.ಮೀ. ಅಣ್ಣ ಕೇಳಿದ ತಕ್ಷಣ "ಒಬ್ಬಳೇ ಓಡಿಸ್ತೀಯಾ, ತಲೆ ಕೆಟ್ಟಿದೆಯಾ" ಅಂದ. ಅತ್ತೆ ಕಾಶ್ಮೀರ ಅಂದ ಕೂಡಲೇ ಕೈ ಮುಗಿದುಬಿಟ್ಟರು.

ಗಾಡಿ 2019ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 62,000 ಓಡಿದೆ. ದಿನಕ್ಕೆ ಎಷ್ಟು ಓಡಿಸಬಹುದು, ಎಲ್ಲಿ ಉಳಿಯಬಹುದು, ಒಟ್ಟಾರೆ ಇದು ಆಗುವ ಮಾತಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಬೈಟು ಕಾಫಿ:

ಮೇಡಂ, ವಿಮಾನದಲ್ಲಿ ಹೋಗಿ, ಅಲ್ಲೇ ಕಾರು ಬಾಡಿಗೆಗೆ ಹಿಡಿಯಿರಿ. 26 ದಿನದಲ್ಲಿ ಹದಿನೈದು ದಿನ ಲಾರಿಗಳ ಹಿಂಭಾಗ ನೋಡುವುದರಲ್ಲೇ ಕಳೆಯುತ್ತದೆ.

ಹಳೇ ಏಳನೇ ನಂಬರ್:

ಮೇಲಿನವರು ಹೇಳಿದ್ದು ಲೆಕ್ಕಕ್ಕೆ ಸರಿ, ಆದರೆ ಮೇಡಂ ಕೇಳಿದ್ದು ಅದಲ್ಲ ಅಲ್ವಾ.

ನಾನು ಈ ರಸ್ತೆಯಲ್ಲಿ ಎರಡು ಸಲ ಹೋಗಿದ್ದೇನೆ, ಒಮ್ಮೆ ಗೆಳೆಯರ ಜೊತೆ, ಒಮ್ಮೆ ಹೆಂಡತಿ ಜೊತೆ. (ನನ್ನ ಹೆಸರು ನೋಡಿ ನಗಬೇಡಿ. ಹೈದರಾಬಾದ್ ರಸ್ತೆ ನನ್ನ ಬಾಯಲ್ಲಿ ಇನ್ನೂ ಎನ್‌ಎಚ್ ಏಳೇ.) ಒಬ್ಬರೇ ಓಡಿಸಿದರೆ ದಿನಕ್ಕೆ 400 ಕಿ.ಮೀ. ಮಿತಿ ಇಟ್ಟುಕೊಳ್ಳಿ. ರಸ್ತೆ ಚೆನ್ನಾಗಿದೆ, 700 ಆರಾಮಾಗಿ ಆಗುತ್ತದೆ ಅನ್ನಿಸುತ್ತದೆ. ಮೊದಲ ದಿನ ಆಗುತ್ತದೆ ಕೂಡ. ಮೂರನೇ ದಿನ ಅದರ ಬಡ್ಡಿ ಕಟ್ಟಬೇಕಾಗುತ್ತದೆ.

ನಾವು ಹೋದದ್ದು ಹೀಗೆ. ಮೊದಲ ದಿನ ಕರ್ನೂಲು, 360 ಕಿ.ಮೀ. ಆಸುಪಾಸು, ಮಧ್ಯಾಹ್ನ ಊಟಕ್ಕೇ ಮುಟ್ಟಿದ್ದೆವು. ಎರಡನೇ ದಿನ ಹೈದರಾಬಾದ್ ಊರೊಳಗೆ ಕಾಲಿಡಲೇ ಇಲ್ಲ, ಶಂಷಾಬಾದ್ ಹತ್ತಿರ ಹೊರವರ್ತುಲ ರಸ್ತೆ ಹತ್ತಿ ಮೇಡ್ಚಲ್ ಕಡೆ ಇಳಿದು ನಿರ್ಮಲ್‌ನಲ್ಲಿ ಉಳಿದೆವು. ಮೂರನೇ ದಿನ ನಾಗಪುರ, ಬೇಕೆಂದೇ ಕಡಿಮೆ ದೂರ, ಮಧ್ಯಾಹ್ನ ನಿದ್ದೆ ಮಾಡಿದೆವು. ಸಂಜೆ ಕಿತ್ತಳೆ ಬರ್ಫಿ. ನಾಲ್ಕನೇ ದಿನ ಸಾಗರ, ನಮ್ಮ ಶಿವಮೊಗ್ಗದ್ದಲ್ಲ, ಮಧ್ಯಪ್ರದೇಶದ್ದು, ಹೆಂಡತಿ ತಾಯಿಗೆ ಫೋನಲ್ಲಿ "ಸಾಗರದಲ್ಲಿದ್ದೀವಿ" ಅಂದಾಗ ಅವರು "ಅಯ್ಯೋ, ಹಾಗಾದ್ರೆ ಚಿಕ್ಕಮ್ಮನ ಮನೆಗೆ ಹೋಗಿ ಬಾ" ಅಂದಿದ್ದರು.

ನಾಗಪುರ ದಾಟಿ ಸಿವನಿ ಕಡೆ ಹೋಗುವಾಗ ಪೇಂಚ್ ಕಾಡು ಬರುತ್ತದೆ. ಅಲ್ಲಿ ಹೆದ್ದಾರಿಯನ್ನೇ ಕಂಬಗಳ ಮೇಲೆ ಎತ್ತಿದ್ದಾರೆ, ಕೆಳಗಡೆ ಪ್ರಾಣಿಗಳು ದಾಟಲಿ ಅಂತ. ಹುಲಿಗಳು ದಾಟಿದ್ದು ಕ್ಯಾಮೆರಾದಲ್ಲಿ ಸಿಕ್ಕಿದೆ. ನೀವು ಮೇಲೆ ಹೋಗುವಾಗ ಏನೂ ಕಾಣುವುದಿಲ್ಲ, ಆದರೆ ಕೆಳಗೆ ಹುಲಿ ಹೋಗುತ್ತಿರಬಹುದು ಅಂತ ಯೋಚಿಸಿಕೊಂಡು ಹೋಗಲು ಒಂಥರಾ ಮಜಾ.

ಝಾನ್ಸಿ ಹತ್ತಿರ ಓರ್ಛಾದಲ್ಲಿ ಎರಡು ರಾತ್ರಿ ಉಳಿದೆವು. ಒಂದು ಇಡೀ ದಿನ ಕಾರಿನ ಕೀಲಿ ಮುಟ್ಟಲಿಲ್ಲ. ಆಮೇಲೆ ಗ್ವಾಲಿಯರ್, ಆಗ್ರಾ. ದೆಹಲಿಯೊಳಗೆ ಹೋಗುವ ಚಟ ಬೇಡ. ಪಲ್ವಲ್‌ನಲ್ಲಿ ಈಸ್ಟರ್ನ್ ಪೆರಿಫೆರಲ್ ಎಕ್ಸ್‌ಪ್ರೆಸ್‌ವೇ ಹತ್ತಿದರೆ 135 ಕಿ.ಮೀ. ಸುತ್ತಿ ಕುಂಡ್ಲಿಯಲ್ಲಿ ಇಳಿಸುತ್ತದೆ, ಅಲ್ಲಿಂದ ಸ್ವಲ್ಪ ಮುಂದೆ ಮುರ್ಥಲ್ ಪರಾಠ. ಕುರುಕ್ಷೇತ್ರದಲ್ಲೊಂದು ರಾತ್ರಿ, ಪಠಾಣ್‌ಕೋಟ್‌ನಲ್ಲೊಂದು. ಅಷ್ಟೇ.

ಸಂಜೆ ಐದರ ಮೇಲೆ ಓಡಿಸಬೇಡಿ. ಈ ಒಂದು ಮಾತನ್ನು ಸ್ಟೀರಿಂಗ್ ಮೇಲೆ ಅಂಟಿಸಿಕೊಳ್ಳಿ.

ಗೊಜ್ಜವಲಕ್ಕಿ:

ಅಕ್ಕಾ, ನಮ್ಮದೂ ಇದೇ ಕತೆ. ನಮ್ಮಲ್ಲಿ ಓಡಿಸುವುದು ನಾನು, ಅವರಿಗೆ ಕಣ್ಣಿನ ತೊಂದರೆ. ಹೋದದ್ದು ಕಾಶ್ಮೀರಕ್ಕಲ್ಲ, ವಾರಾಣಸಿಗೆ, ಆದರೂ ಅರ್ಧ ದಾರಿ ಇದೇ.

ನಾನು ಮಾಡಿದ ತಪ್ಪು ಹೇಳುತ್ತೇನೆ. ಎರಡನೇ ದಿನ ಆದಿಲಾಬಾದ್‌ನಲ್ಲಿ ಉಳಿಯಬೇಕಿತ್ತು. ನಾಲ್ಕೂವರೆಗೇ ಮುಟ್ಟಿದೆವು. ಬುಕ್ ಮಾಡಿದ್ದ ಹೋಟೆಲಿನವನು ರೂಮೇ ಇಲ್ಲ ಅಂದ, ಬೇರೆ ಹುಡುಕುವ ಬದಲು ನಾನು "ನಾಗಪುರಕ್ಕೇ ಹೋಗಿಬಿಡೋಣ, ಇನ್ನೆಷ್ಟು ದೂರ" ಅಂದೆ. ಗಾಡಿ ನನ್ನ ಕೈಯಲ್ಲಿತ್ತು, ಹುಮ್ಮಸ್ಸೂ ಇತ್ತು. ಅವರು ಬೇಡ ಅಂದರು, ಮೆತ್ತಗೆ. ನಾನು ಕೇಳಲಿಲ್ಲ. ಕತ್ತಲಾದ ಮೇಲೆ ಹಿಂಗಣಘಾಟ್ ಹತ್ತಿರ, ರಸ್ತೆ ನೇರ, ಎಂಜಿನ್ ಒಂದೇ ಸಮ ಗುಂಯ್ ಅನ್ನುತ್ತಿತ್ತು, ಕಣ್ಣು ತೆರೆದೇ ಇದ್ದೆ ಅಂದುಕೊಂಡಿದ್ದೆ, ಟೈರು ಅಂಚಿನ ಗೆರೆಯ ಮೇಲೆ ಗಡಗಡ ಅಂದಾಗ ಗೊತ್ತಾಯಿತು ಕೆಲವು ಸೆಕೆಂಡು ನಾನು ಅಲ್ಲಿ ಇರಲೇ ಇಲ್ಲ ಅಂತ. ಮುಂದೆ ಐವತ್ತಡಿ ದೂರದಲ್ಲಿ ಲೈಟಿಲ್ಲದೆ ನಿಂತಿದ್ದ ಲಾರಿ. ಏನೂ ಆಗಲಿಲ್ಲ. ಆದರೆ ಆಮೇಲೆ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ ಇಬ್ಬರೂ ಮುಕ್ಕಾಲು ಗಂಟೆ ಮಾತಾಡದೆ ಕೂತಿದ್ದೆವು.

ಮಾರನೇ ದಿನ ಅವರು ಒಂದು ಕರಾರು ಹಾಕಿದರು. ಓಡಿಸುವುದು ನೀನು, ನಿಲ್ಲಿಸುವುದು ನಾನು. ಅವರು "ನಿಲ್ಲಿಸು" ಅಂದರೆ ಕಾರಣ ಕೇಳುವ ಹಾಗಿಲ್ಲ. ಟೀಗೆ, ಕಾಲು ಚಾಚಲು, ರಾತ್ರಿ ಉಳಿಯಲು, ಎಲ್ಲದಕ್ಕೂ ಅವರದ್ದೇ ಮಾತು. ಯಾಕೆ ಅಂದರೆ ಓಡಿಸುವವರಿಗೆ ತಮಗೆ ಸುಸ್ತಾಗಿದೆ ಅಂತ ಕೊನೆಗೇ ಗೊತ್ತಾಗುವುದು. ಪಕ್ಕದವರಿಗೆ ಮುಂಚೆಯೇ ಗೊತ್ತಾಗುತ್ತದೆ. ನಾನು ಪದೇ ಪದೇ ಕಿವಿ ಮುಟ್ಟಿಕೊಳ್ಳುತ್ತೇನಂತೆ. ನನಗೇ ಗೊತ್ತಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ಒಬ್ಬರೇ ಓಡಿಸುವುದು ತೊಂದರೆಯೇ ಅಲ್ಲ. ಭಾವನವರ ಗೊರಕೆಯೇ ತೊಂದರೆ. ಅದಕ್ಕೊಂದು ದಾರಿ ಮಾಡಿ.

ಆಮೇಲೆ, ಉತ್ತರಕ್ಕೆ ಹೋದ ಹಾಗೆ ಊಟದಲ್ಲಿ ಎಣ್ಣೆ ಜಾಸ್ತಿ ಆಗುತ್ತದೆ, ತಿಂದು ಸ್ಟೀರಿಂಗ್ ಹಿಡಿದರೆ ಕಣ್ಣು ಎಳೆಯುತ್ತದೆ. ನಾನು ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ, ಸಣ್ಣ ಎಲೆಕ್ಟ್ರಿಕ್ ಕುಕ್ಕರ್ ಒಯ್ದಿದ್ದೆ. ಮೊಸರು ಎಲ್ಲಾ ಕಡೆ ಸಿಗುತ್ತದೆ. ಮಧ್ಯಾಹ್ನ ಮೊಸರವಲಕ್ಕಿ, ಹೊಟ್ಟೆ ಬಾಯಿ ಮುಚ್ಚಿಕೊಂಡಿರುತ್ತದೆ.

ಬಾದಾಮಿ ಕಡೆಯವ:

ಮೇಡಮ್ಮರ, ಎಲ್ಲಾರೂ ಎಲ್ಲಿ ನಿಲ್ಲಬೇಕು ಅಂತ ಹೇಳಿದರು, ಏನು ನೋಡಬೇಕು ಅಂತ ಒಬ್ಬರೂ ಹೇಳಲಿಲ್ಲ ನೋಡ್ರಿ.

ಕರ್ನೂಲಿಗೆ ಮಧ್ಯಾಹ್ನ ಮುಟ್ಟುತ್ತೀರಿ ಅಂದರೆ ಸಂಜೆ ಆಲಂಪುರಕ್ಕೆ ಹೋಗಿ. ತುಂಗಭದ್ರಾ ದಾಟಿದರೆ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಅಲ್ಲಿ ನವಬ್ರಹ್ಮ ದೇವಾಲಯಗಳು ಇವೆ, ಹೆಸರು ಬ್ರಹ್ಮ, ಒಳಗಿರುವುದು ಶಿವ. ಕಟ್ಟಿಸಿದವರು ನಮ್ಮ ಬಾದಾಮಿ ಚಾಲುಕ್ಯರು, ಏಳು ಎಂಟನೇ ಶತಮಾನದಲ್ಲಿ. ಪಟ್ಟದಕಲ್ಲು ನೋಡಿದವರಿಗೆ ಶಿಖರ ನೋಡಿದ ತಕ್ಷಣ ನಮ್ಮೂರಿನ ಬಂಧುಗಳು ಸಿಕ್ಕ ಹಾಗೆ ಆಗುತ್ತದೆ.

ಮತ್ತೊಂದು. ನರಸಿಂಗಪುರ ದಾಟಿ ಸಾಗರದ ಕಡೆ ಹೋಗುವಾಗ ಬರ್ಮಾನ್ ಹತ್ತಿರ ನರ್ಮದಾ ನದಿ ಸೇತುವೆ ಬರುತ್ತದೆ. ಶಾಲೆಯಲ್ಲಿ ಓದಿದ್ದು ನೆನಪಿದೆಯಲ್ಲ, ಇಮ್ಮಡಿ ಪುಲಿಕೇಶಿ ಹರ್ಷವರ್ಧನನನ್ನು ತಡೆದದ್ದು ನರ್ಮದೆಯ ದಡದಲ್ಲಿ. ಹರ್ಷನ ಹರ್ಷ ಇಳಿದುಹೋಯಿತು ಅಂತ 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಮಾತಿನ ಆಟ ಆಡಿದ್ದಾನೆ. ಯುದ್ಧ ನಡೆದದ್ದು ಸರಿಯಾಗಿ ಅದೇ ಜಾಗದಲ್ಲಿ ಅಂತ ನಾನು ಹೇಳುತ್ತಿಲ್ಲ, ನದಿ ಉದ್ದ ಇದೆ. ಆದರೆ ಕೆಎ ನಂಬರಿನ ಗಾಡಿಯಲ್ಲಿ ಆ ನದಿ ದಾಟುವಾಗ ಹಾರ್ನ್ ಒಂದು ಹೊಡೆಯದೆ ಬರಬೇಡ್ರಿ.

ಗ್ಯಾರೇಜ್ ಪಕ್ಕದ ಮನೆ:

ಗಾಡಿ ವಿಷಯ ಯಾರೂ ಮುಟ್ಟಲಿಲ್ಲ. 62,000ಕ್ಕೆ ಎಂಜಿನ್ ಬಗ್ಗೆ ಚಿಂತೆ ಬೇಡ. ಟೈರು ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ, 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು ಅಂತ. ನಿಮ್ಮದು ಕಾರಿನ ಜೊತೆ ಬಂದ ಟೈರೇ ಆಗಿದ್ದರೆ ಟೈರಿನ ಬಟನ್ ಎಷ್ಟೇ ಉಳಿದಿರಲಿ, ನಾಲ್ಕೂ ಬದಲಾಯಿಸಿ ಹೋಗಿ. ರಬ್ಬರ್ ವಯಸ್ಸಾದರೆ ಒಳಗಿಂದ ಒಣಗುತ್ತದೆ, ಬಿಸಿಲಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿದಾಗ ಸಿಡಿಯುವುದು ಅಂಥವೇ. ಗಾಳಿ ಬೆಳಗ್ಗೆ ಟೈರು ತಣ್ಣಗಿದ್ದಾಗ ಚೆಕ್ ಮಾಡಿ. ಬ್ರೇಕ್ ಪ್ಯಾಡ್, ಕೂಲೆಂಟ್, ಬ್ಯಾಟರಿ, ವೈಪರ್ ರಬ್ಬರ್. ಸ್ಟೆಪ್ನಿ ಬದಲಾಯಿಸುವುದನ್ನು ನಿಮ್ಮ ಯಜಮಾನರಿಗೆ ಕಲಿಸಿ, ಅದಕ್ಕೆ ಲೈಸೆನ್ಸ್ ಬೇಡ.

ಖರ್ಚು: ಅಲ್ಲಿ ಇಲ್ಲಿ ಸುತ್ತಿದ್ದೂ ಸೇರಿ 6,500 ಕಿ.ಮೀ. ಹಿಡಿಯಿರಿ. ಲೀಟರಿಗೆ 17 ಕೊಟ್ಟರೆ 380 ಲೀಟರ್ ಚಿಲ್ಲರೆ, ನೂರರ ಲೆಕ್ಕದಲ್ಲಿ 38,000 ರೂಪಾಯಿ. ಟೋಲಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದದ್ದು, 200 ಟ್ರಿಪ್ ಅಥವಾ ಒಂದು ವರ್ಷ. ಈ ಪ್ರವಾಸಕ್ಕೆ ಕಣ್ಣು ಮುಚ್ಚಿ ಲಾಭ. ಆದರೆ ಅದು ನಡೆಯುವುದು ರಾಷ್ಟ್ರೀಯ ಹೆದ್ದಾರಿ, ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳಲ್ಲಿ ಮಾತ್ರ. ಹೈದರಾಬಾದ್ ಹೊರವರ್ತುಲ, ಯಮುನಾ ಎಕ್ಸ್‌ಪ್ರೆಸ್‌ವೇ ಇಂಥಲ್ಲಿ ದುಡ್ಡು ಕಟ್ ಆಗುತ್ತದೆ, ಅದಕ್ಕೆ ಬ್ಯಾಲೆನ್ಸ್ ಇರಲಿ.

ಎಂಟನೇ ಕ್ರಾಸ್:

ಎಲ್ಲರಿಗೂ ಥ್ಯಾಂಕ್ಸ್. ಟೈರು ನೋಡಿದೆ, 1119! ಗೊಜ್ಜವಲಕ್ಕಿ ಅವರೇ, ನಿಮ್ಮ ಕರಾರನ್ನು ಇವರಿಗೆ ಓದಿ ಹೇಳಿದೆ. ಐದು ನಿಮಿಷ ಸುಮ್ಮನಿದ್ದು, "ನೀನು ಕೊಟ್ಟಿಗೆಹಾರದ ಹತ್ತಿರ ಯಾವಾಗಲೂ ರೇಡಿಯೋ ಜೋರು ಮಾಡ್ತೀಯ, ನಿನಗೆ ಸುಸ್ತಾದಾಗ" ಅಂದರು. ನಾವು ಶಿರಾಡಿ ಮುಚ್ಚಿದಾಗ ಚಾರ್ಮಾಡಿಯಲ್ಲಿ ಹೋಗುತ್ತೇವೆ. ಅಂದರೆ ಇವರು ಎದ್ದೇ ಇರುತ್ತಿದ್ದರಾ?

ಇನ್ನೊಂದೇ ಪ್ರಶ್ನೆ. ಜಮ್ಮುವಿನಿಂದ ಆಚೆ ಹೇಗೆ? ಭಯ ಇರುವುದು ಅಲ್ಲೇ.

ಹಳೇ ಏಳನೇ ನಂಬರ್:

ಈಗ ಮೊದಲಿನಷ್ಟು ಕಷ್ಟ ಇಲ್ಲ. ಚೆನಾನಿ–ನಾಶ್ರಿ ಸುರಂಗ 2017ರಲ್ಲಿ ಆಯಿತು, 9 ಕಿ.ಮೀ. ಬನಿಹಾಲ್–ಖಾಜಿಗುಂಡ್ ಸುರಂಗ 2021ರಲ್ಲಿ, ಎಂಟೂವರೆ. ಇವೆರಡರ ನಡುವೆ ರಾಂಬನ್ ಭಾಗ ಇದೆಯಲ್ಲ, ಅದೇ ತಲೆನೋವು. ಗುಡ್ಡ ಸಡಿಲ, ಜೋರು ಮಳೆ ಬಂದರೆ ಕುಸಿಯುತ್ತದೆ, ರಸ್ತೆ ಮುಚ್ಚುತ್ತಾರೆ. ಅಲ್ಲಿಯ ಟ್ರಾಫಿಕ್ ಪೊಲೀಸರು ದಿನಾ ಸೂಚನೆ ಹಾಕುತ್ತಾರೆ, ಹಿಂದಿನ ರಾತ್ರಿ ನೋಡಿಯೇ ಹೊರಡಿ. ಎರಡು ದಿನ ಕೈಯಲ್ಲಿ ಹೆಚ್ಚಿಗೆ ಇಟ್ಟುಕೊಳ್ಳಿ.

ನನ್ನ ಸಲಹೆ ಕೇಳಿದರೆ ಜಮ್ಮು ಹತ್ತಿರದ ಕಟ್ರಾದಲ್ಲಿ ಹೋಟೆಲಿನಲ್ಲಿ ಗಾಡಿ ಬಿಟ್ಟು ರೈಲು ಹತ್ತಿ. 2025ರ ಜೂನ್‌ನಿಂದ ಕಟ್ರಾ–ಶ್ರೀನಗರ ವಂದೇ ಭಾರತ್ ಇದೆ, ಮೂರು ಗಂಟೆ. ಚೆನಾಬ್ ಸೇತುವೆ ಮೇಲೆ ಹೋಗುತ್ತದೆ, ನದಿಯಿಂದ 359 ಮೀಟರ್ ಎತ್ತರ. ಇಷ್ಟು ದೂರ ಓಡಿಸಿದವರು ಆ ಮೂರು ಗಂಟೆ ಕಿಟಕಿ ಪಕ್ಕ ಕೂರಬೇಕು.

ಅಂದ ಹಾಗೆ, ನಮ್ಮ ಪ್ರಿಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ನಡೆಯುತ್ತದೆ. ಇಬ್ಬರಲ್ಲಿ ಒಬ್ಬರದ್ದಾದರೂ ಈಗಲೇ ಬದಲಾಯಿಸಿಕೊಳ್ಳಿ. ಮತ್ತೆ ತಿಂಗಳ ಕೊನೆಗೆ ಅಲ್ಲಿ ಮುಟ್ಟುವ ಹಾಗೆ ಹೊರಡಿ, ಚಿನಾರ್ ಎಲೆ ಕೆಂಪಾಗಿರುತ್ತದೆ, ಪಾಂಪೋರ್‌ನಲ್ಲಿ ಕೇಸರಿ ಹೂವೂ ಸಿಗಬಹುದು.

ಎಂಟನೇ ಕ್ರಾಸ್:

ರೈಲಿಗೆ ಇವರು ತಕ್ಷಣ ಒಪ್ಪಿದರು, ನಾನು ಇನ್ನೂ ಒಪ್ಪಿಲ್ಲ. ಹೆಬ್ಬಾಳದಿಂದ ಅಲ್ಲಿಯವರೆಗೂ ಓಡಿಸಿ ಕೊನೆಯ ಇನ್ನೂರೈವತ್ತು ಬಿಡುವುದಾ? ನೋಡೋಣ, ಮಳೆ ಬಂದರೆ ರೈಲು.

ಟೈರಿಗೆ ಆರ್ಡರ್ ಕೊಟ್ಟಾಯಿತು. ಇವರು ಬಳೆಪೇಟೆಯಿಂದ ಒಂದು ಉದ್ದ ನೋಟ್‌ಬುಕ್ ತಂದು ಮೊದಲ ಪುಟದಲ್ಲಿ ದುಂಡಗೆ ಬರೆದಿದ್ದಾರೆ: "ಬೆಳಗ್ಗೆ 5:00, ಹೆಬ್ಬಾಳ. 6:30, ಬಾಗೇಪಲ್ಲಿ, ನಿಲ್ಲಿಸುವುದು."

ಬೈಟು ಕಾಫಿ:

4:00 ಅಂತ ತಿದ್ದಿಸಿ ಸಾರ್ ಕೈಲಿ. ಐದಕ್ಕೆ ಹೆಬ್ಬಾಳದಲ್ಲಿ ಏರ್‌ಪೋರ್ಟ್ ಟ್ಯಾಕ್ಸಿಗಳ ಜಾತ್ರೆ.