ಆಟೊ ಕ್ಲಚ್ ಇರುವ 110 ಸಿ.ಸಿ. ಡರ್ಟ್ ಬೈಕ್: ಮೊದಲು ತಾನೇ ಮುಂದೆ ಸರಿಯುತ್ತಿತ್ತು, ಈಗ ಬದು ಹತ್ತುತ್ತಿಲ್ಲ

ಪ್ರಶ್ನೆ (ಜೇವರ್ಗಿ ತಾಲ್ಲೂಕು, ಕಲಬುರಗಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಮಗ ನಮ್ಮ ಹೊಲದೊಳಗೆ ಓಡಿಸಲಿ ಎಂದು ಕಳೆದ ವರ್ಷ ಹೈದರಾಬಾದಿನಿಂದ 110 ಸಿ.ಸಿ.ಯ ಹಳೆಯ ಡರ್ಟ್ ಬೈಕೊಂದನ್ನು ತಂದೆ. ಹೋಂಡಾ ಮಾದರಿಯ, ಸಿಲಿಂಡರ್ ಅಡ್ಡಲಾಗಿ ಮಲಗಿದಂತಿರುವ ಎಂಜಿನ್ ಅದರದು. ಹ್ಯಾಂಡಲ್‌ನಲ್ಲಿ ಕ್ಲಚ್ ಹಿಡಿಕೆ ಇಲ್ಲ, ಗೇರ್ ಪೆಡಲ್ ಒತ್ತಿದಾಗ ಕ್ಲಚ್ ತಾನೇ ಬಿಡುತ್ತದೆ. ಗಾಡಿಯ ಜೊತೆ ಕೈಪಿಡಿ ಬರಲಿಲ್ಲ.

ಚಳಿ ಬಿದ್ದ ಮೇಲೆ ಬೆಳಗಿನ ಹೊತ್ತು ಎಂಜಿನ್ ಪದೇ ಪದೇ ಬಂದ್ ಆಗುತ್ತಿದ್ದುದರಿಂದ ಕಾರ್ಬ್ಯುರೇಟರಿನ ಸ್ಲೋ ಸ್ಕ್ರೂ ತಿರುಗಿಸಿ ಐಡ್ಲಿಂಗ್ (ಎಕ್ಸಲೇಟರ್ ಕೊಡದಿದ್ದಾಗ ಎಂಜಿನ್ ಓಡುವ ವೇಗ) ಏರಿಸಿದೆ. ಅದೇ ವಾರ ಆಯಿಲ್ ಬದಲಿಸುವಾಗ ಮನೆಯಲ್ಲಿ ಉಳಿದಿದ್ದ ಟ್ರ್ಯಾಕ್ಟರಿನ 20ಡಬ್ಲ್ಯು-40 ಎಂಜಿನ್ ಆಯಿಲ್ ಹಾಕಿದೆ. ಆಮೇಲೆ ಒಂದನೇ ಗೇರ್ ಹಾಕಿದೊಡನೆ, ಎಕ್ಸಲೇಟರ್ ಮುಟ್ಟದಿದ್ದರೂ, ಗಾಡಿ ಮುಂದೆ ಸರಿಯತೊಡಗಿತು. ಬಲಗಡೆಯ ಎಂಜಿನ್ ಕವರಿನಲ್ಲಿ ಲಾಕ್ ನಟ್ ಸಹಿತ ಒಂದು ಸ್ಕ್ರೂ ಇದೆ. ಅದನ್ನು ಸಡಿಲ ಮಾಡಿದರೆ ಕ್ಲಚ್ ಹಿಡಿತವೂ ಸಡಿಲವಾದೀತು ಎಂದು ಎಡಕ್ಕೆ ಅರ್ಧ ಸುತ್ತು ತಿರುಗಿಸಿದೆ. ಸರಿಯುವುದು ಕಡಿಮೆಯಾಯಿತು. ಆದರೆ ಈಗ ಎರಡನೇ ಗೇರಿನಲ್ಲಿ ಹೊಲದ ಬದು ಹತ್ತಿಸಿದರೆ ಎಂಜಿನ್ ಅಬ್ಬರಿಸುತ್ತದೆಯೇ ಹೊರತು ಗಾಡಿ ಎಳೆಯುವುದಿಲ್ಲ. ಕೆಲವೊಮ್ಮೆ ಕಿಕ್ ಕೂಡ ಜಾರುತ್ತದೆ. ಮಿಸ್ತ್ರಿಯೊಬ್ಬರು ಕ್ಲಚ್ ಪ್ಲೇಟ್ ಸೆಟ್ ಪೂರ್ತಿ ಬದಲಿಸಬೇಕೆನ್ನುತ್ತಾರೆ. ಕವರ್ ಬಿಚ್ಚಿಸುವ ಮೊದಲು ಮನೆಯಲ್ಲೇ ಮಾಡಿ ನೋಡಬಹುದಾದದ್ದು ಏನಾದರೂ ಇದೆಯೇ?

ಉತ್ತರ 1 (ಬೀದರ್)

ಬೇಸರ ಮಾಡಿಕೊಳ್ಳಬೇಡಿ ಸರ್, ಇಲ್ಲಿ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದಂತಾಗಿದೆ. ಗಾಡಿ ತಾನೇ ಸರಿಯುತ್ತಿದ್ದುದಕ್ಕೆ ಆ ಸ್ಕ್ರೂ ಕಾರಣವಾಗಿರಲಿಲ್ಲ. ಈ ಕ್ಲಚ್ಚಿನೊಳಗೆ ಸಣ್ಣ ತೂಕದ ತುಂಡುಗಳಿವೆ. ಎಂಜಿನ್ ವೇಗ ಏರಿದಂತೆ ಅವು ಹೊರಕ್ಕೆ ಸಿಡಿದು ಪ್ಲೇಟ್‌ಗಳನ್ನು ಒತ್ತುತ್ತವೆ. ವೇಗ ಇಳಿದಾಗ ಹಿಂದಕ್ಕೆ ಸರಿದು ಪ್ಲೇಟ್‌ಗಳನ್ನು ಬಿಡುತ್ತವೆ. ಐಡ್ಲಿಂಗ್ ಹೆಚ್ಚಿದ್ದರೆ ಆ ತೂಕಗಳು ಪೂರ್ತಿ ಹಿಂದೆ ಸರಿಯುವುದೇ ಇಲ್ಲ, ಆದ್ದರಿಂದ ಗೇರ್ ಹಾಕಿದಾಗ ಚಕ್ರ ಎಳೆಯಲೇಬೇಕು. ಬೆಳಗಿನ ಚಳಿಗೆ ಸ್ಲೋ ಏರಿಸುವ ಬದಲು ಚೋಕ್ ಹಾಕಿ ಸ್ಟಾರ್ಟ್ ಮಾಡಿ, ಎರಡು ಮೂರು ನಿಮಿಷ ಬಿಸಿಯಾಗಲು ಬಿಡಿ. ಎಂಜಿನ್ ಬಿಸಿಯಾದ ಮೇಲೆ, ಅದು ನಿಲ್ಲದೆ ಓಡುವಷ್ಟಕ್ಕೆ, ಆದರೆ ಒಂದನೇ ಗೇರಿನಲ್ಲಿ ಗಾಡಿ ಸರಿಯದಷ್ಟಕ್ಕೆ ಸ್ಲೋ ಇಳಿಸಿ.

ಇನ್ನು ಆಯಿಲ್ ವಿಷಯ. ಇದನ್ನು ನಾನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಕಡೆ ಮನೆಮನೆಯಲ್ಲಿ ಟ್ರ್ಯಾಕ್ಟರ್ ಆಯಿಲ್ ಇರುತ್ತದೆ, ಮಿಕ್ಕದ್ದನ್ನು ಬೈಕಿಗೆ ಸುರಿಯುವ ರೂಢಿಯೂ ಇದೆ. ಈ ಗಾಡಿಯಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್, ಪ್ಲೇಟ್‌ಗಳು ಅದರಲ್ಲೇ ಮುಳುಗಿ ಕೆಲಸ ಮಾಡುತ್ತವೆ. ಚಳಿಯಲ್ಲಿ ಗಟ್ಟಿಯಾದ ಆಯಿಲ್ ಪ್ಲೇಟ್‌ಗಳನ್ನು ಅಂಟಿಸಿ ಹಿಡಿಯುತ್ತದೆ. ಬೈಕಿಗಾಗಿಯೇ ಮಾಡಿದ, ಡಬ್ಬದ ಮೇಲೆ ಜಾಸೊ ಎಂ.ಎ. (ಇಂಥ ಕ್ಲಚ್ಚಿಗೆ ಹೊಂದುತ್ತದೆ ಎಂಬ ಗುರುತು) ಎಂದು ಬರೆದಿರುವ, ಚಳಿಯಲ್ಲಿ ನಿಮ್ಮ 20ಡಬ್ಲ್ಯು-40ಗಿಂತ ತೆಳುವಾಗಿರುವ 10ಡಬ್ಲ್ಯು-30 ಆಯಿಲ್ ಕೇಳಿ ತನ್ನಿ. ಅಂಗಡಿಯ ಅದೇ ಸಾಲಿನಲ್ಲಿ ಸ್ಕೂಟರಿನ ಎಂ.ಬಿ. ಆಯಿಲ್ ಕೂಡ ಇರುತ್ತದೆ. ಅದು ಹೆಚ್ಚು ಜಾರುವ ಗುಣದ್ದಾದ್ದರಿಂದ ಆಯಿಲ್‌ನಲ್ಲಿ ಮುಳುಗಿದ ಕ್ಲಚ್ಚಿಗೆ ಹೊಂದುವುದಿಲ್ಲ.

ಉತ್ತರ 2 (ಶಹಾಪುರ, ಯಾದಗಿರಿ ಜಿಲ್ಲೆ)

ಬೀದರಿನ ಸರ್ ಹೇಳಿದ್ದು ಸರಿಯಾಗಿದೆ. ಸ್ಕ್ರೂ ವಿಷಯವನ್ನು ನಾನು ಹೇಳುತ್ತೇನೆ, ಏಕೆಂದರೆ ನಾನೂ ಇದೇ ಕಡೆ ಎಡವಿದ್ದೆ. ಹೋಂಡಾ ಮಾದರಿಯ ಈ ಎಂಜಿನ್‌ಗಳಲ್ಲಿ ಆ ಸ್ಕ್ರೂ ನಾವು ಅಂದುಕೊಂಡದ್ದಕ್ಕೆ ವಿರುದ್ಧವಾಗಿ ಕೆಲಸ ಮಾಡುತ್ತದೆ. ಎಡಕ್ಕೆ ತಿರುಗಿಸಿದಂತೆ ಕ್ಲಚ್ ಬಿಡಿಸುವ ಭಾಗ ಕ್ಲಚ್ಚಿನ ಹತ್ತಿರ ಸರಿಯುತ್ತದೆ, ಬಲಕ್ಕೆ ತಿರುಗಿಸಿದರೆ ದೂರವಾಗುತ್ತದೆ. ಅಂದರೆ ನೀವು ಸಡಿಲ ಮಾಡಿದೆನೆಂದುಕೊಂಡ ಅರ್ಧ ಸುತ್ತು, ಗೇರ್ ಪೆಡಲನ್ನು ಸದಾ ಸ್ವಲ್ಪ ಒತ್ತಿ ಹಿಡಿದಂತೆ ಮಾಡಿದೆ. ಸರಿಯುವುದು ಕಡಿಮೆಯಾದದ್ದೂ, ಬದುವಿನಲ್ಲಿ ಜಾರುತ್ತಿರುವುದೂ ಅದರಿಂದಲೇ. ಕಿಕ್ಕಿನ ಬಲವೂ ಕ್ಲಚ್ಚಿನ ಮೂಲಕವೇ ಎಂಜಿನ್ನಿಗೆ ಹೋಗುವುದರಿಂದ ಅದೂ ಜಾರುತ್ತಿದೆ.

ಎಂಜಿನ್ ಬಂದ್ ಮಾಡಿ ತಣ್ಣಗಾಗಲು ಬಿಡಿ. ನಟ್ಟಿನ ಸುತ್ತಲಿನ ಎರೆ ಮಣ್ಣನ್ನು ಬ್ರಷ್‌ನಿಂದ ಪೂರ್ತಿ ತೆಗೆಯಿರಿ, ಒಣಗಿದ ಆ ಮಣ್ಣು ಕಲ್ಲಿನಂತಾಗಿ ಪಾನಾ ಸರಿಯಾಗಿ ಕೂಡಲು ಬಿಡುವುದಿಲ್ಲ. ಸ್ಕ್ರೂ ಅಲುಗಾಡದಂತೆ ಸ್ಕ್ರೂಡ್ರೈವರಿನಿಂದ ಹಿಡಿದು ಲಾಕ್ ನಟ್ ಸಡಿಲಿಸಿ. ಮೊದಲು ಸ್ಕ್ರೂವನ್ನು ಬಲಕ್ಕೆ ಸುಮಾರು ಒಂದು ಸುತ್ತು ತಿರುಗಿಸಿ, ಅದಕ್ಕಿಂತ ಹೆಚ್ಚು ಬೇಡ. ನಂತರ ಎಡಕ್ಕೆ ನಿಧಾನವಾಗಿ ತಿರುಗಿಸುತ್ತಾ ಬನ್ನಿ. ಒಂದು ಕಡೆ ಬೆರಳಿಗೆ ಸಣ್ಣ ತಡೆ ಸಿಗುತ್ತದೆ, ಅಲ್ಲೇ ನಿಲ್ಲಿಸಿ. ಬಲ ಹಾಕಿ ಆ ತಡೆಯನ್ನು ದಾಟಿಸಬಾರದು, ಇಡೀ ಕೆಲಸದ ಜೀವ ಇರುವುದು ಅಲ್ಲಿಯೇ. ಖಚಿತವಾಗದಿದ್ದರೆ ಮತ್ತೆ ಬಲಕ್ಕೆ ಹೋಗಿ ಎರಡು ಮೂರು ಸಲ ಅದೇ ಜಾಗವನ್ನು ಹುಡುಕಿ. ಆ ಜಾಗದಿಂದ ಬಲಕ್ಕೆ ಸುತ್ತಿನ 1/8 ಭಾಗ ಮಾತ್ರ ಬಿಟ್ಟು, ಸ್ಕ್ರೂವನ್ನು ಗಟ್ಟಿಯಾಗಿ ಹಿಡಿದುಕೊಂಡೇ ನಟ್ ಬಿಗಿಯಿರಿ. ನಟ್ ಜೊತೆ ಸ್ಕ್ರೂ ತಿರುಗಿಬಿಟ್ಟರೆ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.

ಪರೀಕ್ಷೆಯನ್ನು ಮಗನಿಂದ ಮಾಡಿಸದೆ ನೀವೇ ಕುಳಿತು ಮಾಡಿ. ಬಯಲಿನಲ್ಲಿ ಒಂದನೇ ಗೇರ್ ಹಾಕುವಾಗ ಒತ್ತಿದ ಪೆಡಲನ್ನು ಬಿಡದೆ ಎಕ್ಸಲೇಟರ್ ಸ್ವಲ್ಪ ಕೊಡಿ, ಗಾಡಿ ಕದಲಬಾರದು. ಎಕ್ಸಲೇಟರ್ ಇಳಿಸಿ ಪೆಡಲ್ ಬಿಟ್ಟು ಮತ್ತೆ ಕೊಟ್ಟಾಗ ನುಣ್ಣಗೆ ಹೊರಡಬೇಕು. ಗೇರ್ ಬೀಳುವಾಗ ದೊಡ್ಡ ಶಬ್ದವೂ ಜರ್ಕೂ ಬಂದರೆ ಸ್ಕ್ರೂ ಬಲಕ್ಕೆ ಹೆಚ್ಚಾಗಿದೆ ಎಂದು ತಿಳಿಯಿರಿ.

ಉತ್ತರ 3 (ಕಲಬುರಗಿ)

ಮೇಲಿನ ಕ್ರಮ ಹೋಂಡಾ ಮಾದರಿಗೆ ಸರಿ, ಬೇರೆ ಕಂಪನಿಯ ಎಂಜಿನ್ ಇರುವವರು ತಮ್ಮ ಗಾಡಿಯ ಕೈಪಿಡಿಯನ್ನೇ ನೋಡಬೇಕು. ಮಿಸ್ತ್ರಿಯವರ ಮಾತನ್ನೂ ತಳ್ಳಿಹಾಕಬೇಡಿ. ಜಾರುವ ಕ್ಲಚ್ಚಿನಲ್ಲಿ ಗಾಡಿ ಎಷ್ಟು ದಿನ ಓಡಿದೆಯೋ ಅಷ್ಟು ಪ್ಲೇಟ್ ಸವೆದಿರುತ್ತದೆ. ಹಳೆಯ ಆಯಿಲ್ ಇಳಿಸುವಾಗ ಮೂಸಿ ನೋಡಿ, ಸುಟ್ಟ ವಾಸನೆ ಇದ್ದರೆ ಪ್ಲೇಟ್ ಬಿಸಿಯಾಗಿವೆ. ಸ್ಕ್ರೂ, ಐಡ್ಲಿಂಗ್, ಆಯಿಲ್ ಮೂರೂ ಸರಿಯಾದ ಮೇಲೂ ಜಾರಿದರೆ ಮಾತ್ರ ಕವರ್ ತೆಗೆಸಿ, ಜೊತೆಗೆ ಹೊಸ ಗ್ಯಾಸ್ಕೆಟ್ ತಂದಿಟ್ಟುಕೊಳ್ಳಿ. ಬ್ರೇಕ್ ಹಿಡಿದುಕೊಂಡಿದೆಯೇ ಎಂದು ಹಿಂದಿನ ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿ ನೋಡುವುದೂ ಒಳ್ಳೆಯದು. ಗೇರಿನ ಗಾಡಿಗೆ ಲೈಸೆನ್ಸ್ ಸಿಗುವುದು 18 ತುಂಬಿದ ಮೇಲೆ, ಆದ್ದರಿಂದ ಮಗ ಹೊಲ ದಾಟಿ ರಸ್ತೆಗೆ ಬರದಂತೆ ದಯವಿಟ್ಟು ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಹಳೆಯ ಆಯಿಲ್‌ನಲ್ಲಿ ಸುಟ್ಟ ವಾಸನೆ ತುಸು ಇತ್ತು. ಎಂ.ಎ. ಆಯಿಲ್ ಹಾಕಿ, ಐಡ್ಲಿಂಗ್ ಇಳಿಸಿ, ಸ್ಕ್ರೂವನ್ನು ಹೇಳಿದಂತೆ ಕೂಡಿಸಿದೆ. ತಡೆ ಸಿಗುವ ಜಾಗ ಮೂರನೇ ಸಲಕ್ಕೆ ಬೆರಳಿಗೆ ಸ್ಪಷ್ಟವಾಯಿತು. ಈಗ ಗಾಡಿ ನಿಂತಲ್ಲೇ ನಿಲ್ಲುತ್ತದೆ, ಕಿಕ್ ಜಾರುತ್ತಿಲ್ಲ, ಎರಡನೇ ಗೇರಿನಲ್ಲಿ ಬದು ಹತ್ತುತ್ತದೆ. ಮೂರನೇ ಗೇರಿನಲ್ಲಿ ಪೂರ್ತಿ ಎಕ್ಸಲೇಟರ್ ಕೊಟ್ಟಾಗ ಮಾತ್ರ ಒಂದಿಷ್ಟು ಜಾರಿದಂತಾಗುತ್ತದೆ. ತೊಗರಿ ರಾಶಿ ಮುಗಿಯುವವರೆಗೆ ಗಾಡಿಯನ್ನು ಕೊಟ್ಟಿಗೆಯಲ್ಲೇ ನಿಲ್ಲಿಸಿ, ಆಮೇಲೆ ಅದೇ ಮಿಸ್ತ್ರಿಯವರ ಹತ್ತಿರ ಕವರ್ ಬಿಚ್ಚಿಸಿ ಪ್ಲೇಟ್ ನೋಡಿಸುತ್ತೇನೆ.